ಮಾವನ ಹೊಟ್ಟೆಯೊಳಗಿನ ಗಾಳಿ

ಮಾವನ ಹೊಟ್ಟೆ ಉಬ್ಬತೊಡಗಿದಾಗ ಆ ಮನೆಯಲ್ಲಿ ಮೊದಲು ಬೈಸಿಕೊಂಡದ್ದು ಎಲೆಕೋಸು. ಆಮೇಲೆ ಕಾಳುಗಳು, ಆಮೇಲೆ ಹಾಲು. ಕೋಸು ತರುವುದು ನಿಂತಿತು, ಕಾಳಿನ ಡಬ್ಬಿ ಅಟ್ಟ ಸೇರಿತು, ಹಾಲಿನವನಿಗೆ ಅರ್ಧ ಲೀಟರ್ ಸಾಕು ಅಂದದ್ದಾಯಿತು. ಹೊಟ್ಟೆ ಮಾತ್ರ ಇಳಿಯಲಿಲ್ಲ. ಬೈಯಲು ಅಡುಗೆಮನೆಯಲ್ಲಿ ಇನ್ನೇನೂ ಉಳಿಯದೆ ಹೋದಾಗ ಅತ್ತೆಯ ಕಣ್ಣು ಸೊಸೆಯ ಮೇಲೆ ಬಿತ್ತು.

"ಬೇಳೆ ಸರಿಯಾಗಿ ಬೇಯ್ತಾ ಇಲ್ಲ. ಅದೇ ಒಳಗೆ ಹೋಗಿ ಉಬ್ಬೋದು."

"ಐದು ಸೀಟಿ ಕೂಗಿಸ್ತೀನಲ್ಲ ಅತ್ತೆ."

"ಸೀಟಿ ಕೂಗಿದ್ರೆ ಬೆಂದ ಹಾಗಾ? ಪೊಲೀಸಿನವನೂ ಕೂಗಿಸ್ತಾನೆ ಸೀಟಿ."

ಸೊಸೆ ತುಟಿ ಕಚ್ಚಿ ರೊಟ್ಟಿ ಲಟ್ಟಿಸಿದಳು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಾಜು ಕೂರಿಸುವುದು, ಕಡ್ಡಿ ಬಗ್ಗಿಸಿ ಗಿರಾಕಿಯ ಕಿವಿಗೆ ಹೊಂದಿಸುವುದು. ಷಟರ್ ಎತ್ತುವ ಹೊತ್ತಿಗೆ ಅಲ್ಲಿರದಿದ್ದರೆ ಮಾಲೀಕ ಗೋಡೆ ಗಡಿಯಾರವನ್ನೂ ಅವಳ ಮುಖವನ್ನೂ ಮೂರು ಸಲ ನೋಡುತ್ತಿದ್ದ. ಬೆಳಿಗ್ಗೆ ಜಗಳವಾಡಿಕೊಂಡು ಕೂರಲು ಪುರಸೊತ್ತೆಲ್ಲಿ?

ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಸಣಕಲು ಮೈ, ಕೋಲಿನಂಥ ಕೈಕಾಲು. ಅದಕ್ಕೆ ಬೇರೆ ಯಾರದೋ ಹೊಟ್ಟೆ ತಂದು ಅಂಟಿಸಿದ ಹಾಗೆ ಕಾಣುತ್ತಿದ್ದರು. ಬೆಳಿಗ್ಗೆ ಏಳುವಾಗ ಒಂದಿಷ್ಟು ಇಳಿದಿರುತ್ತಿತ್ತು. ತಿಂಡಿಯಾದರೆ ಬಿಗಿತ, ಊಟವಾದರೆ ನಗಾರಿ. ಪೈಜಾಮದ ಲಾಡಿ ಸಡಿಲಿಸಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ತೇಗುತ್ತಿದ್ದರು. ಒಂದಾದ ಮೇಲೊಂದು ತೇಗು, ಆದರೂ ನೆಮ್ಮದಿಯಿಲ್ಲ.

ಊರೆಲ್ಲ ವೈದ್ಯರೇ. ಪಕ್ಕದ ಮನೆಯಲ್ಲಿ ಹಿಂದೆ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸೊಬ್ಬಳಿದ್ದಳು. ಬೀದಿಗೆ ಅವಳು ಟೈಪಿಸ್ಟಮ್ಮ. "ಊಟ ಆದ ತಕ್ಷಣ ಕೂರಬೇಡಿ, ನಡೀರಿ" ಅಂದಳು. ಮಾವ ಬೀದಿಯ ಆ ತುದಿಯಿಂದ ಈ ತುದಿಗೆ ನಡೆದರು. "ಸೋಂಪಿನ ನೀರು ಕುಡೀರಿ" ಅಂದಳು. ಕುಡಿದರು. ಲಗ್ನವಾಗಿ ಬೇರೆ ಬಡಾವಣೆಯಲ್ಲಿದ್ದ ಮಗಳು, ಅಂದರೆ ಸೊಸೆಗೆ ನಾದಿನಿ, ಫೋನಿನಲ್ಲಿ "ಗೋಧಿ ಬಿಡಿಸಿ. ನಮ್ಮ ಆಫೀಸಲ್ಲಿ ಒಬ್ಬಳಿಗೆ ಗೋಧಿ ಬಿಟ್ಟಿದ್ದೇ ತಡ, ಹೊಟ್ಟೆ ಹಲಗೆ ಥರ ಆಯ್ತಂತೆ" ಅಂದಳು. ಗೋಧಿಯೂ ಹೋಯಿತು. ಅತ್ತೆ ದಿನಾ ಬೆಳಿಗ್ಗೆ ಶುಂಠಿ ಜಜ್ಜಿ ಕಷಾಯ ಕಾಸತೊಡಗಿದರು. ಆ ಪಾತ್ರೆ ತಿಕ್ಕುವವಳು ಮಾತ್ರ ಸೊಸೆಯೇ.

ಒಂದು ಒಲೆಯ ಮೇಲೆ ಮಾವನಿಗೆ ಗಂಜಿ, ಇನ್ನೊಂದರ ಮೇಲೆ ಉಳಿದವರಿಗೆ ಅನ್ನ. ಕೊನೆಗೆ "ಎರಡೆರಡು ಅಡುಗೆ ಯಾಕೆ, ಎಲ್ಲರೂ ಅದನ್ನೇ ತಿಂದ್ರೆ ಯಾರ ಗಂಟು ಹೋಗುತ್ತೆ?" ಅಂದರು ಅತ್ತೆ. ಮನೆಗೆ ಮನೆಯೇ ಗಂಜಿಗೆ ಬಂತು.

"ಅಜ್ಜಿ, ಇವತ್ತೂ ಗಂಜಿನಾ?" ಸೊಸೆಯ ಮಗಳು ತಟ್ಟೆ ದೂಡಿದಳು. "ನನಗೇನು ಜ್ವರ ಬಂದಿದ್ಯಾ?"

"ತಾತನಿಗೋಸ್ಕರ ತಿನ್ನು ಪುಟ್ಟಿ."

"ತಾತನ ಹೊಟ್ಟೆ, ನಾನ್ಯಾಕೆ ತಿನ್ನಲಿ?"

ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಅವನು ಮಾತ್ರ ಗಂಜಿಗೆ ತಕರಾರೇ ಮಾಡಲಿಲ್ಲ. ಎರಡು ಚಮಚ ತಿಂದು "ಸಾಕು" ಅಂತ ಎದ್ದುಬಿಡುತ್ತಿದ್ದ. ಒಂದು ದಿನ ಅವನ ಅಂಗಿ ನೆನೆಹಾಕುವಾಗ ಸೊಸೆಗೆ ಕರಿದೆಣ್ಣೆಯ ವಾಸನೆ ಹೊಡೆಯಿತು.

"ರೀ, ಹೊರಗಡೆ ತಿಂದ್ಕೊಂಡು ಬರ್ತಿದ್ದೀರಾ?"

"ಮತ್ತೇನು ಮಾಡಲಿ? ಮೂಟೆ ಹೊರೋನು ನಾನು. ಗಂಜಿ ಕುಡಿದು ಮೂಟೆ ಎತ್ತೋಕಾಗುತ್ತಾ?"

"ಆ ಮಾತನ್ನ ಅಮ್ಮನಿಗೆ ಹೇಳಿ."

"ಹೋಗ್ಲಿ ಬಿಡು. ಈಗ್ಯಾಕೆ."

ಹೋಗ್ಲಿ ಬಿಡು. ಮದುವೆಯಾದಾಗಿನಿಂದ ಅವಳು ಕೇಳಿದ ಮಾತುಗಳನ್ನು ತೂಕಕ್ಕೆ ಹಾಕಿದರೆ ಇದೊಂದೇ ತಕ್ಕಡಿಯನ್ನು ನೆಲಕ್ಕೆ ಮುಟ್ಟಿಸುತ್ತಿತ್ತು.

ವಾರಗಳು ಕಳೆದವು. ಡಾಕ್ಟರ ಹತ್ತಿರ ಹೋಗುವುದು ಅಂತ ತೀರ್ಮಾನವಾಯಿತು. ಗಂಡನಿಗೆ ಬಿಡುವಿಲ್ಲ. ಸೊಸೆ ಅರ್ಧ ದಿನ ರಜೆ ಕೇಳಿ, ಮಾಲೀಕನ ಗೊಣಗು ಕೇಳಿಸಿಕೊಂಡು, ಅತ್ತೆ ಮಾವನನ್ನು ಕರೆದುಕೊಂಡು ಹೋದಳು.

ಡಾಕ್ಟರ್ ಮಾವನನ್ನು ಮಲಗಿಸಿ ಹೊಟ್ಟೆ ಒತ್ತಿದರು, ಬೆರಳು ಮಡಿಸಿ ತಟ್ಟಿ ನೋಡಿದರು. "ತೂಕ ಇಳಿದಿದ್ಯಾ? ವಾಂತಿ? ಮಲದಲ್ಲಿ ರಕ್ತ ಏನಾದ್ರೂ?"

ಒಂದೂ ಇರಲಿಲ್ಲ.

"ಅಗಿದು ತಿಂತೀರಾ?"

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ, "ತಿಂತಾರೆ ಡಾಕ್ಟ್ರೇ, ಚೆನ್ನಾಗಿ ಅಗೀತಾರೆ" ಅಂದರು. ಮಾವ ತಿರುಗುವ ಫ್ಯಾನನ್ನು ನೋಡಿದರು.

"ಈ ವಯಸ್ಸಲ್ಲಿ ಹೊಟ್ಟೆ ದಿನಾ ಉಬ್ಬುತ್ತೆ ಅಂದ್ರೆ ಒಳಗಡೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು," ಅಂತ ಡಾಕ್ಟರ್ ರಕ್ತ ಪರೀಕ್ಷೆಗೂ ಸ್ಕ್ಯಾನಿಗೂ ಬರೆದುಕೊಟ್ಟರು. ಊಟದ ನಂತರ ಅಗಿದು ನುಂಗುವ ಬಿಳಿ ಮಾತ್ರೆಗಳನ್ನೂ ಕೊಟ್ಟರು. ಎರಡು ದಿನ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಸೊಸೆಯೂ ಮಾಡಲಿಲ್ಲ; ಅವಳನ್ನು ಬೈದವರು ಅತ್ತೆ, ಮಾವನಲ್ಲವಲ್ಲ. ಸ್ಕ್ಯಾನಿನಲ್ಲಿ ಗಡ್ಡೆಯಿಲ್ಲ, ನೀರಿಲ್ಲ, ಏನೂ ಇಲ್ಲ. "ಬರೀ ಗಾಳಿ," ಅಂದರು ಡಾಕ್ಟರ್.

ಎಲ್ಲರೂ ಉಸಿರು ಬಿಟ್ಟರು. ಆದರೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಅಂದರು: "ಒಳಗೆ ದೋಷ ಇಲ್ಲ ಅಂದ್ಮೇಲೆ ಒಳಗೆ ಹೋಗೋದರಲ್ಲೇ ಇದೆ ದೋಷ. ನಾಳೆಯಿಂದ ಇವರ ಅಡುಗೆ ನಾನೇ ಮಾಡ್ತೀನಿ."

ಸೊಸೆಗೆ ಕೆಲಸ ಕಡಿಮೆಯಾಯಿತಲ್ಲ ಅಂತ ಖುಷಿಪಡಬೇಕಿತ್ತು. ಬದಲಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಅತ್ತೆ ಬೇರೆ ಪಾತ್ರೆ ಇಟ್ಟುಕೊಂಡರು, ಬೇರೆ ಉಪ್ಪಿನ ಡಬ್ಬಿ ಇಟ್ಟುಕೊಂಡರು. ಟೈಪಿಸ್ಟಮ್ಮ ಕಿಟಕಿಯಿಂದ "ಏನು, ನೀವೇ ಒಲೆ ಮುಂದೆ?" ಅಂತ ಕೇಳಿದರೆ, "ಏನು ಮಾಡೋದು, ಅವರಿಗೆ ಸೊಸೆ ಕೈ ಅಡುಗೆ ಒಗ್ಗಲ್ಲ" ಅಂತ ಬೀದಿಗೆ ಕೇಳುವಂತೆ ಹೇಳಿದರು. ಅತ್ತೆಯ ಕೈಯಲ್ಲಿ ಉಂಡರೂ ಮಾವನ ಹೊಟ್ಟೆ ಹಾಗೇ ಇತ್ತು. ಅದಕ್ಕೆ ಅತ್ತೆಯ ಹತ್ತಿರ ಉತ್ತರವಿತ್ತು: "ಹಳೇದು ಇನ್ನೂ ಒಳಗಿದೆಯಲ್ಲ, ಅದು ಹೋಗಬೇಕು."

ಆ ವಾರವೇ ಒಂದು ಮಧ್ಯಾಹ್ನ ಅಂಗಡಿಯ ಗಾಜು ಉಜ್ಜುವ ಯಂತ್ರ ಕೆಟ್ಟಿತು. ರಿಪೇರಿಯವನು ನಾಳೆ ಅಂದ. ಸೊಸೆ ಬೇಗ ಮನೆಗೆ ಬಂದಳು. ಅತ್ತೆ ಟೈಪಿಸ್ಟಮ್ಮನ ಮನೆಯಲ್ಲಿದ್ದರು. ಹಿತ್ತಲ ನಲ್ಲಿಯ ಸದ್ದು ಕೇಳಿ ಅತ್ತ ಹೋದರೆ ಮಾವ ಕುಕ್ಕರಗಾಲಲ್ಲಿ ಕೂತು ಹಲ್ಲಿನ ಸೆಟ್ ತೊಳೆಯುತ್ತಿದ್ದರು. ಬೋಗುಣಿಯ ನೀರು ತಿಳಿಗೆಂಪಾಗಿತ್ತು.

"ಮಾವ, ರಕ್ತ!"

ಮಾವ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಬಿಡಲಿಲ್ಲ. "ಕೈ ತೆಗೀರಿ, ನೋಡ್ತೀನಿ." ಕೆಳಗಿನ ವಸಡಿನ ಉದ್ದಕ್ಕೂ ಹುಣ್ಣು, ಒಂದು ಕಡೆ ಚೂರಿಯಲ್ಲಿ ಗೀರಿದಂತೆ ಸೀಳು.

ಹಲ್ಲಿನ ಸೆಟ್ ಮಾಡಿದ್ದು ಮನೆಯ ಅಳಿಯ. ಅವನ ಕಸುಬೇ ಅದು. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟಿಸುವ ಹಲ್ಲು ತಯಾರಿಸುತ್ತಾನೆ. ಹಿಂದಿನ ವರ್ಷ ಇದೇ ಮನೆಯಲ್ಲಿ ಊಟಕ್ಕೆ ಕೂತಾಗ ಮಾವ ತಮಾಷೆಗೆ "ನಮ್ಮ ಅಳಿಯ ಊರವರ ಬಾಯಿ ನೋಡ್ಕೊಂಡು ಬದುಕೋನು" ಅಂದಿದ್ದರು. ಅವನು ತಟ್ಟೆ ಬಿಟ್ಟು ಎದ್ದು ಹೋದ. ಹೆಂಡತಿಯನ್ನು ಕರೆಯಲಿಲ್ಲ. ನಾದಿನಿ ತಿಂಗಳುಗಟ್ಟಲೆ ತವರಲ್ಲೇ ಕಣ್ಣೀರಿಟ್ಟಳು. ಹೇಗೋ ಯಾರ್ಯಾರೋ ಮಾತಾಡಿ ಕೂಡಿಸಿದ ಮೇಲೆ, ರಾಜಿಯ ಗುರುತಿಗೆ ಅನ್ನುವಂತೆ, ಅಳಿಯ ಮಾವನ ಬಾಯಿಯ ಅಳತೆ ತೆಗೆಸಿ ಕೈಯಾರೆ ಆ ಸೆಟ್ ಮಾಡಿ ತಂದುಕೊಟ್ಟಿದ್ದ.

"ಊಟ ಹೇಗೆ ಮಾಡ್ತೀರಿ ಇದರಲ್ಲಿ?"

"ಅಗಿಯೋದೆಲ್ಲಿ ಬಂತಮ್ಮ? ತುತ್ತು ಬಾಯಿಗಿಟ್ಟು, ನೀರು ಕುಡಿದು ನುಂಗಿಬಿಡ್ತೀನಿ. ಗುಟುಕು ಗುಟುಕಿಗೂ ಗಾಳಿನೂ ಹೋಗುತ್ತೆ ಅನ್ಸುತ್ತೆ."

"ಹೊಟ್ಟೆ ಇದರಿಂದಲೇ ಉಬ್ತಿದೆ ಅಂತ ಗೊತ್ತಿತ್ತಾ ನಿಮಗೆ?"

ಮಾವ ನಲ್ಲಿ ನಿಲ್ಲಿಸಿದರು. "ಅನುಮಾನ ಇತ್ತು."

"ನಿಮ್ಮೆದುರಿಗೇ ತಾನೆ ಅತ್ತೆ ನನ್ನನ್ನ ಬೈತಿದ್ದದ್ದು?"

"ಹೇಳಬೇಡಮ್ಮ ಯಾರಿಗೂ. ಮತ್ತೆ ಮಗಳು ಸೂಟ್‌ಕೇಸ್ ಹಿಡ್ಕೊಂಡು ಬಾಗಿಲಿಗೆ ಬಂದ್ರೆ ನಾನು ತಡ್ಕೊಳ್ಳಲ್ಲ."

"ಅತ್ತೆಗಾದ್ರೂ ಹೇಳಬಾರದಿತ್ತಾ?"

ಮಾವ ತಲೆ ತಗ್ಗಿಸಿದರು. "ರಾತ್ರಿ ಹುಣ್ಣಿಗೆ ಜೇನುತುಪ್ಪ ಸವರೋದು ಯಾರು ಅಂದ್ಕೊಂಡೆ?"

ಸೊಸೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಕೋಸು, ಕಾಳು, ಹಾಲು, ಗೋಧಿ, ಐದು ಸೀಟಿ, ಬೇರೆ ಉಪ್ಪಿನ ಡಬ್ಬಿ. ಅಷ್ಟೂ ನಾಟಕ.

ಅತ್ತೆ ಬಂದಾಗ ಅವಳು ಕೈಚೀಲವನ್ನು ಇನ್ನೂ ಒಳಗಿಟ್ಟಿರಲಿಲ್ಲ.

"ಮಾವನ ಬಾಯಲ್ಲಿ ಹುಣ್ಣಾಗಿರೋದು ನಿಮಗೆ ಗೊತ್ತಿತ್ತಲ್ಲ?"

ಅತ್ತೆ ಸೆರಗು ಸರಿಮಾಡಿಕೊಂಡು, "ಗೊತ್ತಿತ್ತು. ಏನೀಗ?" ಅಂದರು.

"ಮತ್ತೆ ನನ್ನ ಅಡುಗೆ ಅಂತ ಬೀದಿಗೆಲ್ಲ ಡಂಗುರ ಹೊಡೆದ್ರಿ?"

"ಜನ ಕೇಳ್ತಾರೆ, ಏನಾದ್ರೂ ಹೇಳಬೇಕಲ್ಲ. ಅಳಿಯ ಮಾಡಿಕೊಟ್ಟ ಹಲ್ಲು ಸರಿಯಿಲ್ಲ ಅನ್ನಲಾ? ಅವನ ಕಿವಿಗೆ ಬಿದ್ರೆ ನನ್ನ ಮಗಳ ಗತಿ?"

"ನನ್ನ ಗತಿ?"

"ನಿನಗೇನಾಗಿದೆ? ನೀನು ಮನೆಯವಳು. ಎರಡು ಮಾತು ಅಂದ್ರೆ ನಿನ್ನ ಗಂಡ ಏನು ತಟ್ಟೆ ಬಿಟ್ಟು ಎದ್ದು ಹೋಗ್ತಾನಾ?"

ಸೊಸೆ ಕೈಚೀಲ ಎತ್ತಿಕೊಂಡು ಒಳಗೆ ಹೋದಳು. ಗಂಡ ಬಂದ ಮೇಲೆ ಅವನಿಗೆ ಹೇಳಿದಳು. ಅವನು ಸಾಕ್ಸ್ ಕಳಚುತ್ತ ಎಲ್ಲ ಕೇಳಿಸಿಕೊಂಡ.

"ಅಮ್ಮ ಸುಳ್ಳು ಹೇಳಿಲ್ಲ ನೋಡು. ನಿಜ ಹೇಳಿಲ್ಲ, ಅಷ್ಟೇ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ನಿಮ್ಮ ಮಾತು."

"ಈಗ ನಾನೇನು ಮಾಡಬೇಕು?"

"ತಂಗಿ ಗಂಡನಿಗೆ ಒಂದು ಫೋನ್ ಮಾಡಿ."

"ಅಪ್ಪನೇ ಬೇಡ ಅಂದ್ಮೇಲೆ..." ಅವನು ಸಾಕ್ಸನ್ನು ಉಂಡೆ ಮಾಡಿ ಮೂಲೆಗೆ ಎಸೆದ. "ಹೋಗ್ಲಿ ಬಿಡು."

ಭಾನುವಾರ ನಾದಿನಿಯೂ ಅಳಿಯನೂ ಊಟಕ್ಕೆ ಬಂದರು. ಅಳಿಯ ಹೆಚ್ಚು ಮಾತಿನವನಲ್ಲ. ಬಂದವನೇ ಕೈ ತೊಳೆದು ಕುರ್ಚಿಯ ತುದಿಯಲ್ಲಿ ಕೂತ. ಕೂತ ಮೇಲೆ ಕೇಳಿದ: "ಹಲ್ಲು ಹೇಗಿದೆ ಮಾವ? ಕಡಿಯೋದು, ಒತ್ತೋದು ಏನಾದ್ರೂ?"

"ಏ, ಬೆಣ್ಣೆ ಹಾಗಿದೆ," ಅಂದರು ಮಾವ, ರೊಟ್ಟಿಯ ಚೂರನ್ನು ನೀರಿನ ಜೊತೆ ಒಳಗೆ ತಳ್ಳುತ್ತ. ಕಣ್ಣಲ್ಲಿ ನೀರಾಡಿತು. ಸೊಸೆ ಗಂಡನ ಮುಖ ನೋಡಿದಳು. ಅವನು ಪಲ್ಯದಲ್ಲಿ ಏನೋ ಹುಡುಕುತ್ತಿದ್ದ.

ಆಗ ನಾದಿನಿ ಅಂದಳು: "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಅಪ್ಪನ ಹೊಟ್ಟೆ ನೋಡಿದ್ರೆ ನನಗೆ ಸಂಕಟ ಆಗುತ್ತೆ. ಕೆಲಸಕ್ಕೆ ಹೋಗೋ ಅವಸರದಲ್ಲಿ ಅರ್ಧಂಬರ್ಧ ಬೇಯಿಸಿ ಹೋಗ್ತೀರಂತೆ, ಅಮ್ಮ ಹೇಳಿದ್ರು. ವಯಸ್ಸಾದವರಿಗೆ ಇನ್ನೊಂಚೂರು ಗಮನ ಕೊಡಬಹುದಲ್ವಾ?"

ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. ಮೇಜಿನ ಸುತ್ತ ನಿಜ ಗೊತ್ತಿದ್ದವರು ಅವಳನ್ನೂ ಸೇರಿಸಿ ನಾಲ್ಕು ಜನ. ಉಳಿದ ಮೂವರೂ ತಟ್ಟೆ ನೋಡುತ್ತಿದ್ದರು. ಮಾವ ಈಗಲಾದರೂ ಹೇಳುತ್ತಾರೆ ಅಂತ ಅವಳು ಕಾದಳು. ಮಾವ ತೇಗಿದರು. ಅವಳು ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ನಿಂತಳು.

ಮರುದಿನ ಅಂಗಡಿಯ ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಬಸ್ಸು ಹತ್ತಿ ಅಳಿಯನ ಕ್ಲಿನಿಕ್ಕಿಗೆ ಹೋದಳು. ಹಿಂದಿನ ಕೋಣೆ ಇಕ್ಕಟ್ಟಾಗಿತ್ತು; ಮೇಜಿನ ತುಂಬ ಗಚ್ಚಿನ ದವಡೆ ಅಚ್ಚುಗಳು, ಬಿಳಿ ಪುಡಿ. ಅಳಿಯ ಸಣ್ಣ ಯಂತ್ರದಲ್ಲಿ ಏನನ್ನೋ ಉಜ್ಜುತ್ತಿದ್ದವನು ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಏನಕ್ಕಾ, ಮನೇಲಿ ಎಲ್ಲ ಸರೀನಾ?"

ಬಸ್ಸಿನಲ್ಲಿ ನಯವಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ. "ನೀವು ಮಾಡಿಕೊಟ್ಟ ಹಲ್ಲು ಮಾವನಿಗೆ ಕಡೀತಿದೆ. ಬಾಯೆಲ್ಲ ಹುಣ್ಣು. ಅಗಿಯೋಕಾಗದೆ ನುಂಗ್ತಾರೆ. ಹೊಟ್ಟೆ ಉಬ್ಬೋದು ಅದರಿಂದಲೇ ಅಂತ ನನಗನ್ಸುತ್ತೆ."

ಅವನು ಯಂತ್ರ ಆರಿಸಿದ. "ಕೊಟ್ಟು ಎಷ್ಟು ದಿನ ಆಯ್ತು! ನಿನ್ನೆ ಬೆಣ್ಣೆ ಹಾಗಿದೆ ಅಂದ್ರಲ್ಲ?"

"ಅಂದ್ರು."

"ಹೊಸ ಸೆಟ್ ಯಾರಿಗಾದ್ರೂ ಕಡಿಯುತ್ತೆ ಅಕ್ಕಾ. ಎರಡು ಮೂರು ಸಲ ಕರೆಸಿ, ಡಾಕ್ಟರ್ ನೋಡಿ, ಒತ್ತೋ ಜಾಗ ಉಜ್ಜಿ ಕೊಡ್ತಾರೆ. ಇದು ಮಾಮೂಲಿ. ನಾನು ಕರೆದೆ. ಬೇಡ, ಸರಿಯಾಗಿ ಕೂತಿದೆ ಅಂದ್ರು. ನನ್ನ ಕೈಕೆಲಸ ಅಷ್ಟು ಚೆನ್ನಾಗಿದೆ ಅಂತ ನಾನೂ ನಂಬಿಬಿಟ್ಟೆ."

"ನಮ್ಮಲ್ಲೂ ಅಷ್ಟೇ. ಕನ್ನಡಕ ಕಿವಿಗೆ ಒತ್ತಿದ್ರೆ ಜನ ವಾಪಸ್ ಬರ್ತಾರೆ, ಬಗ್ಗಿಸಿ ಕೊಡ್ತೀವಿ."

ಅಳಿಯ ಕೈಯ ಪುಡಿ ಒರೆಸಿಕೊಂಡ. "ಮತ್ಯಾಕೆ ಹೇಳಲಿಲ್ಲ? ನನ್ನ ಕಂಡ್ರೆ ಅಷ್ಟು ಭಯಾನಾ ಅವರಿಗೆ?"

ಅವಳು ಇಲ್ಲ ಅನ್ನಬಹುದಿತ್ತು. "ಭಯಾನೇ," ಅಂದಳು. "ತಟ್ಟೆ ಬಿಟ್ಟು ಎದ್ದು ಹೋಗಿದ್ರಲ್ಲ ನೀವು."

ಅವನ ಮುಖ ಕೆಂಪೇರಿತು. ಈಗ ಜಗಳ ಶುರು ಅಂದುಕೊಂಡಳು. ಅವನು ಜಗಳವಾಡಲಿಲ್ಲ. "ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ರೆಡಿ ಇರೋಕೆ ಹೇಳಿ," ಅಂದು ಮತ್ತೆ ಯಂತ್ರ ಹಾಕಿದ. ಅವಳು ಬಾಗಿಲು ದಾಟುವಾಗ ಅವನ ಕೈಯಲ್ಲಿ ಉಜ್ಜಲು ಏನೂ ಇರಲಿಲ್ಲ. ಯಂತ್ರ ಸುಮ್ಮನೆ ತಿರುಗುತ್ತಿತ್ತು.

ಸಂಜೆ ಅವನು ಹೇಳಿದ ಹಾಗೆ ಬಂದ. ಮಾವ ಹೊಸ್ತಿಲಲ್ಲಿ ತಪ್ಪು ಮಾಡಿದ ಮಗುವಿನಂತೆ ನಿಂತಿದ್ದರು. ಅಳಿಯ "ಬನ್ನಿ" ಅಂತ ಒಂದೇ ಮಾತು ಹೇಳಿ ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದ. ದಂತವೈದ್ಯರು ಎರಡು ಜಾಗ ಉಜ್ಜಿದರು, ಮುಲಾಮು ಕೊಟ್ಟರು, ಹುಣ್ಣು ಮಾಯುವವರೆಗೆ ಸೆಟ್ ಹಾಕಬೇಡಿ ಅಂದರು.

ಕೆಲಸವೇನೋ ಆಯಿತು. ಆದರೆ ಮನೆಯಲ್ಲಿ ಸೊಸೆಗೆ ಸಿಕ್ಕಿದ್ದು ಬೈಗುಳವೇ. ನಾದಿನಿ ಫೋನಿನಲ್ಲಿ ಹಾರಾಡಿದಳು: "ನನ್ನ ಗಂಡನ ಕೆಲಸದ ಜಾಗಕ್ಕೆ ಹೋಗಿ ದೂರು ಹೇಳಿ ಬಂದ್ರಾ ಅತ್ತಿಗೆ? ನನಗೊಂದು ಮಾತು ಹೇಳೋಕಾಗ್ತಿರಲಿಲ್ವಾ? ಅವರು ನಿನ್ನೆಯಿಂದ ಊಟಾನೇ ಸರಿಯಾಗಿ ಮಾಡಿಲ್ಲ."

"ಜಗಳ ಆಯ್ತಾ?"

"ಇಲ್ಲ. ಸುಮ್ಮನೆ ಕೂತಿದ್ದಾರೆ. ಜಗಳ ಆಗಿದ್ರೇ ಚೆನ್ನಾಗಿತ್ತು."

ಅತ್ತೆ ಮಾತು ಬಿಟ್ಟರು. ಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿಸುತ್ತಿದ್ದರು. "ನಿಮ್ಮಮ್ಮನಿಗೆ ಹೇಳು, ಗ್ಯಾಸ್ ಮುಗೀತು ಅಂತ." ಹುಡುಗಿ ಮೂರು ಹೆಜ್ಜೆ ನಡೆದು, "ಅಮ್ಮಾ, ಗ್ಯಾಸ್ ಮುಗೀತಂತೆ. ಒಲೆದು, ತಾತಂದಲ್ಲ," ಅನ್ನುತ್ತಿದ್ದಳು. ಗಂಡ ಮಾತ್ರ, "ನೋಡು, ಎಲ್ಲ ಸರಿಹೋಯ್ತಲ್ಲ" ಅಂದ, ತಾನೇ ಸರಿಮಾಡಿದವನ ಹಾಗೆ. ಅವತ್ತು ಅವಳು ಅವನ ಅಂಗಿಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಕೆಲಸಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಅವನೇ ಒಗೆದು ಹಾಕಿದ್ದ, ಹಿಂಡದೆ.

ಹುಣ್ಣು ಮಾಯಿತು. ಮಾವ ಸೆಟ್ ಹಾಕಿಕೊಂಡು ನಿಧಾನವಾಗಿ ಅಗಿಯಲು ಕಲಿತರು. ನುಂಗುವ ಚಾಳಿ ಒಂದೇ ಸಲಕ್ಕೆ ಬಿಡಲಿಲ್ಲ; ಕೆಲವು ಮಧ್ಯಾಹ್ನ ಈಗಲೂ ಬಿಗಿತ. ಆದರೆ ಲಾಡಿ ಸಡಿಲಿಸಿ ಕೂರುವುದು ನಿಂತಿತು. ಅಡುಗೆ ಮತ್ತೆ ಸೊಸೆಯ ಕೈಗೆ ಬಂತು. ಯಾರೂ ಬಿಟ್ಟುಕೊಟ್ಟದ್ದಲ್ಲ, ಅತ್ತೆಗೆ ಸೊಂಟ ನೋವು ಬಂತು.

ಒಂದು ರಜೆಯ ದಿನ ಸೊಸೆ ರೊಟ್ಟಿ ಬೇಯಿಸುತ್ತಿದ್ದಾಗ ಹೊರಗಿನ ಬೆಂಚಿನ ಹತ್ತಿರ ಟೈಪಿಸ್ಟಮ್ಮನ ದನಿ ಕೇಳಿತು. "ಪರವಾಗಿಲ್ವೇ, ಹೊಟ್ಟೆ ಇಳಿದು ಹೋಗಿದೆ! ಏನು ಮಾಡಿದ್ರಿ?"

"ಏನಿಲ್ಲ, ನನ್ನ ಶುಂಠಿ ಕಷಾಯ," ಅಂದರು ಅತ್ತೆ. "ಬಿಡದೆ ಕುಡಿಸಿದೆ. ಜೊತೆಗೆ ಸ್ವಲ್ಪ ದಿನ ಅಡುಗೆನೂ ನಾನೇ ನೋಡ್ಕೊಂಡೆನಲ್ಲ."

ಸೊಸೆಗೆ ಮೈಯೆಲ್ಲ ಉರಿದು ಹೋಯಿತು. ಹೊರಗೆ ಹೋಗಿ ಹೇಳಿಬಿಡಲೇ ಅಂತ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಮಾವನ ದನಿ.

"ಫುಂಠಿ ಅಲ್ಲ. ಇದು. ಇದು ಕಚ್ತಿತ್ತು. ಫೊಫೆ ಅಡುಗೇಲಿ ಏನೂ ದೋಫ ಇರಲಿಲ್ಲ."

"ಏನಂದ್ರಿ?" ಟೈಪಿಸ್ಟಮ್ಮ ಕೇಳಿದಳು.

ಸೊಸೆ ಕಿಟಕಿಯಿಂದ ಇಣುಕಿದಳು. ಮಾವ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು, ಹಿಂದೆ ಟಿಕೆಟ್ ಹಿಡಿಯುತ್ತಿದ್ದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು ತೋರಿಸುತ್ತಿದ್ದರು.

"ಮಾನ ಕಳೀಬೇಡಿ, ಒಳಗೆ ನಡೀರಿ!" ಅಂದರು ಅತ್ತೆ.

ಮಾವ ಒಳಗೆ ಹೋಗಲಿಲ್ಲ. ಸೆಟ್ಟನ್ನು ಬಾಯಿಗೆ ಕೂರಿಸಿಕೊಂಡು, ದವಡೆ ಎರಡು ಸಲ ಆಡಿಸಿ ಸರಿಮಾಡಿಕೊಂಡು, ಬೀದಿಗೆ ಕೇಳುವಂತೆ ಮತ್ತೆ ಹೇಳಿದರು: "ಹಲ್ಲು ಕಚ್ತಿತ್ತು ಟೈಪಿಸ್ಟಮ್ಮಾ, ಅದಕ್ಕೇ ಹೊಟ್ಟೆ ಉಬ್ತಿತ್ತು. ನಮಗಿಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು ಸೊಸೆಗೆ ಕೆಟ್ಟ ಹೆಸರು ತಂದ್ವಿ. ಅವಳ ಅಡುಗೇಲಿ ಏನೂ ದೋಷ ಇರಲಿಲ್ಲ."

ಎಷ್ಟೋ ವಾರಗಳಿಂದ ಸೊಸೆ ಕಾದದ್ದು ಈ ಮಾತಿಗೇ. ಬಂದದ್ದು ಟೈಪಿಸ್ಟಮ್ಮನಿಗೆ, ಅವಳಿಗಲ್ಲ. ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದಳು, ಪೂರ್ತಿ ಆಗಲಿಲ್ಲ. ಇಷ್ಟೇ ತಾನೆ, ಇಷ್ಟು ಹೇಳೋಕೆ ಇಷ್ಟು ದಿನ ಬೇಕಿತ್ತಾ ಅನ್ನಿಸಿತು. ಮೂಗಿಗೆ ಹೊಗೆ ಬಡಿದಾಗ ತಿರುಗಿ ನೋಡಿದರೆ ಕಾವಲಿಯ ಮೇಲಿನ ರೊಟ್ಟಿ ಕರಕಾಗಿತ್ತು.

ಅದನ್ನೂ ಬುಟ್ಟಿಗೆ ಹಾಕಿ ಊಟಕ್ಕೆ ಕರೆದಳು. ಮಾವ ಬಂದು ಕೂತರು, ಅವಳ ಮುಖ ನೋಡಲಿಲ್ಲ. ಅತ್ತೆ ಬರುತ್ತಾರೋ ಇಲ್ಲವೋ ಅಂತಿತ್ತು. ತಡವಾಗಿ ಬಂದು ಕೂತರು. ಬುಟ್ಟಿಯ ಮೇಲಿದ್ದ ರೊಟ್ಟಿಯನ್ನೇ ತೆಗೆದು, ತಿರುಗಿಸಿ ನೋಡಿ, ಎಷ್ಟೋ ದಿನಗಳ ಮೇಲೆ ನೇರವಾಗಿ ಸೊಸೆಗೇ ಅಂದರು:

"ಇದು ಸೀದು ಹೋಗಿದೆ."

"ಹೌದು ಅತ್ತೆ, ಸೀದಿದೆ," ಅಂದಳು ಸೊಸೆ, ಕುರ್ಚಿ ಎಳೆದುಕೊಂಡು ಕೂರುತ್ತ. "ಅದು ಮಾತ್ರ ನನ್ನ ತಪ್ಪು."